ಮಕ್ಕಳ ಮಧ್ಯಾಹ್ನಕ್ಕೆ ಪತ್ರಿಕೆಯಲ್ಲಿ ಒಂದು ಮೂಲೆ ಕೊಡಿ

ಮಾನ್ಯ ಸಂಪಾದಕರೇ,

ನಾನು ಬಸ್ ಕಂಡಕ್ಟರ್. ಕಲಬುರಗಿ–ಬೀದರ್ ಮಾರ್ಗದಲ್ಲಿ ನನ್ನ ಡ್ಯೂಟಿ. ಮನೆಯಲ್ಲಿ ಆರು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಕಳೆದ ವಾರ ನನ್ನ ರಜೆಯ ದಿನ ಹೆಂಡತಿ ಆಳಂದದ ತವರಿಗೆ ಹೋಗಿದ್ದಳು. ಬೆಳಿಗ್ಗೆಯಿಂದ ಸಂಜೆತನಕ ಮಕ್ಕಳ ಜೊತೆ ನಾನು ಮತ್ತು ನಮ್ಮವ್ವ ಇಬ್ಬರೇ. ಆ ದಿನ ಕಂಡದ್ದನ್ನು ಹೇಳಿ, ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳಬೇಕಾಗಿದೆ.

ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ. ಮೇ ಬಂತೆಂದರೆ 42, 43 ಡಿಗ್ರಿ. ಹತ್ತು ಗಂಟೆಯ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಈ ಬಿಸಿಲಿಗಾಗಿಯೇ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ದೊಡ್ಡವರಿಗೆ ಒಂದು ವ್ಯವಸ್ಥೆ ಆಯಿತು. ಮಕ್ಕಳ ಮಧ್ಯಾಹ್ನ ಮಾತ್ರ ಮೊಬೈಲಿನ ಪಾಲು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಜಾಸ್ತಿ ಪರದೆ ನೋಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನನ್ನ ಮಗ ಊಟಕ್ಕೆ ಕೂತರೇ ಅಷ್ಟು ಹೊತ್ತು ನೋಡುತ್ತಿದ್ದ.

ಅವತ್ತು ಮೊಬೈಲನ್ನು ಅಟ್ಟದ ಮೇಲಿಟ್ಟೆ. ಹುಡುಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಆಗ ನಮ್ಮವ್ವ, "ಹುಣಸಿ ಬೀಜ ಡಬ್ಬಿಯಾಗ ಇಟ್ಟೀನಿ, ತಗೊಂಡ್ ಬಾ" ಎಂದಳು. ಈಗ ಹುಣಸೆ ಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲ ಅಲ್ವಾ, ಡಬ್ಬಿ ತುಂಬಾ ಇದ್ದವು. ಮಗಳು ಪಡಸಾಲೆಯ ಶಹಾಬಾದ್ ಪರಸಿ ಕಲ್ಲಿನ ಮೇಲೆ ಬೀಜವನ್ನು ಬೆರಳಲ್ಲಿ ಒತ್ತಿ ಉಜ್ಜಿದಳು. ಒಂದು ಬದಿಯ ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಂಡಿತು. "ಅಪ್ಪಾ, ಬೀಜ ಸುಡ್ಲತ್ತದ" ಎಂದು ಅದನ್ನು ನನ್ನ ಕೆನ್ನೆಗೆ ತಾಗಿಸಿದಳು. ನಿಜಕ್ಕೂ ಬಿಸಿ ಇತ್ತು. ಹಾಗೆ ನಾಲ್ಕು ಬೀಜ ಆಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಆಮೇಲೆ ಕರಿ ಪರಸಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರೆದೆವು. ಕೆಲವರು ಇದನ್ನೇ ಕಟ್ಟೆಮನೆ ಅನ್ನುತ್ತಾರೆ. ಉಜ್ಜಿದ ಆ ನಾಲ್ಕು ಬೀಜಗಳೇ ದಾಳ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಂದು ಬಿದ್ದರೆ ಎಂಟು. ನಾಲ್ಕು, ಎಂಟು ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ಒಂದನೇ ತರಗತಿಗೆ ಹೋಗಬೇಕಾದ ಹುಡುಗಿ, ಯಾರೂ ಹೇಳಿಕೊಡದೆ ಎಂಟರ ಮೇಲೆ ಮೂರು ಕೂಡಿಸಿ ಕಾಯಿ ನಡೆಸಿದಳು. ನಾನು ಒಂದು ಮನೆ ಹಾರಿಸಿದ್ದನ್ನೂ ಹಿಡಿದಳು. "ಅಪ್ಪಾ, ನೀ ಮೋಸ ಮಾಡ್ಲತ್ತಿ!"

ಚಿಕ್ಕವನ ಕೈಗೆ ಬೀಜ ಕೊಡಲಿಲ್ಲ. ಮೂಗಿಗೆ, ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು. ಅವನಿಗಾಗಿ ದಿಂಬುಗಳನ್ನು ಸಾಲಾಗಿ ಇಟ್ಟು ಬಸ್ ಮಾಡಿದೆವು. ನನ್ನ ಸೀಟಿ ಅವನ ಬಾಯಲ್ಲಿ. "ಕಮಲಾಪುರ ಇಳಿಯೋರು ಮುಂದ ಬರ್ರಿ" ಎಂದು ಮಗಳು ಕೂಗಿದಳು. ನಮ್ಮವ್ವನ ಹತ್ತಿರ ಹೋಗಿ, "ಆಯಿ, ಆಧಾರ್ ಕಾರ್ಡ್ ತೋರಿಸು, ಟಿಕೆಟ್ ಫ್ರೀ ಅದ" ಎಂದಳು. ನಮ್ಮವ್ವ ಎಲೆ ಅಡಿಕೆ ಚೀಲ ತೋರಿಸಿದಳು. ನನಗೆ ಮಾತ್ರ ಪೂರಾ ಟಿಕೆಟ್. ಮಕ್ಕಳು ನಮ್ಮ ಕೆಲಸವನ್ನು ಇಷ್ಟು ಗಮನಿಸುತ್ತಾರೆಂದು ಅವತ್ತೇ ನನಗೆ ತಿಳಿದದ್ದು. ದಿನವೂ ನೂರಾರು ಜನರಿಗೆ ಟಿಕೆಟ್ ಹರಿಯುತ್ತೇನೆ, ಆ ಒಂದು ಟಿಕೆಟ್ ಇನ್ನೂ ನನ್ನ ಅಂಗಿ ಕಿಸೆಯಲ್ಲಿದೆ. ಹಳೇ ನೋಟ್‌ಬುಕ್ಕಿನ ಹಾಳೆ. ಅದರ ಮೇಲೆ ಅವಳು ಬರೆದ ಊರು 'ಬಿದರ'.

ರೊಟ್ಟಿ, ಪುಂಡಿ ಪಲ್ಯ ಉಂಡು ಮಕ್ಕಳು ಮಲಗಿದರು. ಎದ್ದ ಮೇಲೂ ಮಗ ಮೊಬೈಲ್ ಕೇಳಲಿಲ್ಲ, "ಬಸ್" ಎಂದ.

ಎಲ್ಲರ ಮನೆಯಲ್ಲಿ ಹೀಗೆ ದಿನವಿಡೀ ಕೂರಲು ಆಗುವುದಿಲ್ಲ. ಹೊಲಕ್ಕೆ, ಗಾರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಸಂಜೆ ಅರ್ಧ ಗಂಟೆ ಸಿಕ್ಕರೇ ದೊಡ್ಡದು. ಆ ಅರ್ಧ ಗಂಟೆಗೆ ಏನು ಆಡಿಸಬೇಕು ಎನ್ನುವುದು ಕೈಗೆ ಸಿಗುವಂತಿರಬೇಕು. ಅದಕ್ಕೇ ಕೇಳುತ್ತಿದ್ದೇನೆ. ಬೇಸಿಗೆ ರಜೆ ಮುಗಿಯುವವರೆಗೆ ನಿಮ್ಮ ಪತ್ರಿಕೆಯ ಒಂದು ಮೂಲೆಯಲ್ಲಿ ದಿನಕ್ಕೊಂದು ಮನೆಯಾಟ ಹಾಕಿ. ಆಟದ ಮನೆಯ ಚಿತ್ರ, ಆಡುವ ರೀತಿ, ಯಾವ ವಯಸ್ಸಿನವರಿಗೆ ಎನ್ನುವುದು ಇದ್ದರೆ ಸಾಕು. ಆಟಗಳ ಹೆಸರು ನಮ್ಮ ಭಾಗದಲ್ಲಿ ಕರೆಯುವ ಹಾಗೇ ಇರಲಿ. ಬಸ್ಸಿನಲ್ಲಿ ಪೇಪರ್ ಓದಿ ಸೀಟಿನ ಮೇಲೇ ಬಿಟ್ಟು ಇಳಿಯುವವರು ಬಹಳ ಜನ. ಆ ಮೂಲೆಯನ್ನು ಹರಿದು ಮನೆಗೆ ಒಯ್ಯುವವರೂ ಇರುತ್ತಾರೆ.

ನಮ್ಮವ್ವ ಇನ್ನೂ ಮೂರು ಆಟ ಹೇಳಿದ್ದಾಳೆ. ನೀವು ಹೂಂ ಅಂದರೆ ಮುಂದಿನ ರಜೆಯ ದಿನ ಮನೆಗಳ ಚಿತ್ರ ಬರೆದು ಕಳಿಸುತ್ತೇನೆ.

— ಒಬ್ಬ ಬಸ್ ಕಂಡಕ್ಟರ್, ಕಲಬುರಗಿ