ಪುಸ್ತಕದ ಕ್ಯೂಆರ್ ಕೋಡ್ ತೆರೆಯದಿದ್ದರೆ

ಮಾನ್ಯ ಸಂಪಾದಕರೇ,

ಹೊಸ ಪಠ್ಯಪುಸ್ತಕ ಕೈಗೆ ಬಂದ ವಾರದಲ್ಲೇ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಓಡಾಡತೊಡಗುತ್ತದೆ: ‘ಕೋಡ್ ಓಪನ್ ಆಗ್ತಿಲ್ಲ, ಏನ್ ಮಾಡೋದು?’ ಸಿದ್ಧ ಉತ್ತರವೂ ಇದೆ: ‘ನೆಟ್‌ವರ್ಕ್ ಇಲ್ಲ, ಆಮೇಲೆ ನೋಡಿ.’ ಈ ಕೋಡ್ ತೆರೆಯುವುದು ದೀಕ್ಷಾದಲ್ಲಿ, ಅಂದರೆ ಶಾಲಾ ಪಾಠಗಳ ವಿಡಿಯೊ, ಪಿಡಿಎಫ್ ಸಿಗುವ ಸರ್ಕಾರಿ ಡಿಜಿಟಲ್ ವೇದಿಕೆಯಲ್ಲಿ. 2017ರ ಸೆಪ್ಟೆಂಬರ್ 5ರಂದು ಶುರುವಾದ ಈ ವೇದಿಕೆಯ ವಿಚಾರದಲ್ಲಿ ನೆಟ್‌ವರ್ಕ್ ಮೇಲೆ ಹೊರಿಸುವ ತಪ್ಪುಗಳಲ್ಲಿ ಎಷ್ಟೋ ಅದರದ್ದಲ್ಲ. ‘ಓಪನ್ ಆಗ್ತಿಲ್ಲ’ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಯಾವುದು ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಕ್ಯಾಮೆರಾ ಕೋಡನ್ನು ಹಿಡಿಯುವುದೇ ಇಲ್ಲ ಎಂದಾದರೆ ದೋಷ ಇರುವುದು ಕಾಗದದಲ್ಲಿ. ಕ್ಯೂಆರ್ ಚೌಕದ ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳೇ ಫೋನಿಗೆ ದಿಕ್ಕು ತೋರಿಸುವ ಗುರುತು. ಅವುಗಳಲ್ಲಿ ಒಂದರ ಮೇಲೆ ಶಾಯಿ ಬಿದ್ದರೂ ಓದುವುದು ಕಷ್ಟ. ನಡುವಿನ ಚುಕ್ಕೆಗಳು ಒಂದಷ್ಟು ಅಳಿಸಿಹೋದರೆ ಪರವಾಗಿಲ್ಲ. ಕೋಡ್ ತಯಾರಿಸುವಾಗ ಆರಿಸಿದ ಹಂತಕ್ಕೆ ತಕ್ಕಂತೆ ಶೇ 7ರಿಂದ ಶೇ 30ರವರೆಗಿನ ನಷ್ಟವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಸುತ್ತಲಿನ ಬಿಳಿ ಅಂಚೂ ಕೋಡ್‌ನ ಭಾಗವೇ. ಮಕ್ಕಳು ಅಲ್ಲಿ ಹೂವು ಬರೆದರೆ, ಗೆರೆ ಎಳೆದರೆ ಫೋನಿಗೆ ಚೌಕ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಹೊಲಿಗೆಯ ಹತ್ತಿರ ಪುಟ ಬಾಗಿದ್ದರೆ ಪುಸ್ತಕವನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ಪುಟ ಹೊಳೆಯುತ್ತಿದ್ದರೆ ಬೆಳಕಿಗೆ ಓರೆಯಾಗಿ ತಿರುಗಿಸಿ.

ಇಷ್ಟಾದರೂ ಆಗದಿದ್ದರೆ ಚೌಕದ ಕೆಳಗೆ ನೋಡಿ. ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ 6 ಸ್ಥಾನಗಳ ಸಂಕೇತ ಅಚ್ಚಾಗಿರುತ್ತದೆ. ಅದನ್ನು ದೀಕ್ಷಾ ಆ್ಯಪ್ ಅಥವಾ ಜಾಲತಾಣದಲ್ಲಿ ಟೈಪ್ ಮಾಡಿದರೆ ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟವೇ ತೆರೆಯುತ್ತದೆ. ಪ್ರೊಜೆಕ್ಟರ್ ಇರುವ ಕೊಠಡಿಯಲ್ಲಿ ಇದೇ ಸುಲಭದ ದಾರಿ, ಏಕೆಂದರೆ ಕಂಪ್ಯೂಟರಿನ ಮುಂದೆ ಪುಸ್ತಕ ಹಿಡಿದು ಸ್ಕ್ಯಾನ್ ಮಾಡುವ ಗೋಜಿಲ್ಲ. ಆದರೂ ಈ 6 ಅಕ್ಷರಗಳತ್ತ ಕಣ್ಣು ಹಾಯಿಸುವವರು ಕಡಿಮೆ.

ಎರಡನೆಯ ದೋಷ: ಕೋಡ್ ಓದಿತು, ಪುಟವೂ ಬಂತು, ಒಳಗೆ ಏನೂ ಇಲ್ಲ. ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಅಚ್ಚಾದ ಕೋಡ್‌ನಲ್ಲಿ ಪಾಠವಿಲ್ಲ, ವಿಡಿಯೊ ಇಲ್ಲ, ಇರುವುದು ಆ 6 ಅಕ್ಷರಗಳ ಸಂಕೇತ ಹೊತ್ತ ಕೊಂಡಿಯಷ್ಟೆ. ಆ ಸಂಕೇತಕ್ಕೆ ಯಾವ ಪಾಠ ಜೋಡಿಸಬೇಕೆಂಬುದನ್ನು ಪುಸ್ತಕ ಸಿದ್ಧಪಡಿಸಿದವರು ವೇದಿಕೆಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಜೋಡಿಸದಿದ್ದರೆ ಖಾಲಿ ಪುಟ, ತಪ್ಪು ಜೋಡಿಸಿದರೆ ಬೇರೆ ಪಾಠ. ಇದಕ್ಕೆ ಫೋನ್ ಬದಲಿಸಿ, ಆ್ಯಪ್ ಅಳಿಸಿ ಮತ್ತೆ ಹಾಕಿ ಪ್ರಯೋಜನವಿಲ್ಲ. ಪುಸ್ತಕದ ಹೆಸರು, ಭಾಗ 1 ಅಥವಾ 2, ಮುದ್ರಣದ ವರ್ಷ, ಪುಟ ಸಂಖ್ಯೆ ಮತ್ತು ಆ 6 ಅಕ್ಷರಗಳನ್ನು ಬರೆದು ತಿಳಿಸಿದರೆ ಪುಸ್ತಕ ಮರುಮುದ್ರಿಸದೆಯೇ ಸರಿಪಡಿಸಬಹುದು. ‘ಕೋಡ್ ಸರಿ ಇಲ್ಲ’ ಎಂದಷ್ಟೇ ದೂರು ಕೊಟ್ಟರೆ ಯಾರಿಗೂ ಏನೂ ಅರ್ಥವಾಗದು.

ಹಳೆಯ ಪುಸ್ತಕ ಬಳಸುವ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. 2022ರಲ್ಲಿ ರಾಜ್ಯದ ಪುಸ್ತಕಗಳು ಪರಿಷ್ಕರಣೆಗೊಂಡವು. 2023ರಲ್ಲಿ 6ರಿಂದ 10ನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನದಲ್ಲಿ ಮತ್ತೆ ಬದಲಾವಣೆಯಾಯಿತು. ಅಕ್ಕನ ಪುಸ್ತಕ ತಮ್ಮನಿಗೆ ಬಂದಾಗ ಪಾಠದ ಕ್ರಮಸಂಖ್ಯೆ ನಂಬಬೇಡಿ, ತೆರೆದ ಪಾಠದ ಹೆಸರನ್ನು ಪುಸ್ತಕದಲ್ಲಿರುವ ಹೆಸರಿನ ಜತೆ ಹೋಲಿಸಿ ನೋಡಿ.

ಮೂರನೆಯದು, ಪಾಠ ಸಿಕ್ಕಿತು, ವಿಡಿಯೊ ಓಡುತ್ತಿಲ್ಲ. ನೆಟ್‌ವರ್ಕ್‌ನ ಪಾಲು ನಿಜವಾಗಿ ಇರುವುದು ಇಲ್ಲಿ. ತರಗತಿಯ ಹೊತ್ತಿನಲ್ಲಿ ಹುಡುಕಲು ಹೊರಟರೆ ಅವಧಿಯ ಕಾಲುಭಾಗ ಸುತ್ತುವ ಚಕ್ರ ನೋಡುವುದರಲ್ಲೇ ಮುಗಿಯುತ್ತದೆ. ಹಿಂದಿನ ದಿನವೇ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಒಮ್ಮೆ ಓಡಿಸಿ ನೋಡಿ. ಈ ಪರೀಕ್ಷೆ ಬಿಡಬೇಡಿ. ಯೂಟ್ಯೂಬ್ ಕೊಂಡಿಯಾಗಿ ಸೇರಿಸಿದ ವಿಡಿಯೊಗಳು ಡೌನ್‌ಲೋಡ್ ಆಗುವುದಿಲ್ಲ, ಅದು ಗೊತ್ತಾಗುವುದು ಆಗಲೇ. ಒಬ್ಬರು ಇಳಿಸಿಕೊಂಡ ಪಾಠವನ್ನು ಕಡತವಾಗಿ ಹಂಚಿ, ದೀಕ್ಷಾ ಆ್ಯಪ್ ಇರುವ ಇನ್ನೊಂದು ಫೋನಿನಲ್ಲಿ ತೆರೆಯಬಹುದು. ಎಲ್ಲರೂ ಡೇಟಾ ಸುಡಬೇಕಿಲ್ಲ. ಜಾಗ ಸಾಲದೆಂದು ಫೋನ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಡೇಟಾ ಅಳಿಸಿದರೆ ಇಳಿಸಿದ್ದೆಲ್ಲವೂ ಹೋಗುತ್ತದೆ.

ಇನ್ನು ಕೋಡ್ ಇಲ್ಲದೆ ಹೆಸರು ಹಾಕಿ ಹುಡುಕುವವರ ಪಾಡು. ಆ್ಯಪ್ ಮೊದಲ ಸಲ ತೆರೆದಾಗ ಬೋರ್ಡ್, ಮಾಧ್ಯಮ, ತರಗತಿ ಕೇಳುತ್ತದೆ. ಅವಸರದಲ್ಲಿ ಸಿಬಿಎಸ್‌ಇ ಎಂದೋ ಇಂಗ್ಲಿಷ್ ಮಾಧ್ಯಮ ಎಂದೋ ಒತ್ತಿದವರಿಗೆ ಕನ್ನಡ ಪುಸ್ತಕಗಳು ‘ಇಲ್ಲವೇ ಇಲ್ಲ’ ಎನಿಸುವುದು ಸಹಜ. ಪ್ರೊಫೈಲ್‌ಗೆ ಹೋಗಿ ಕರ್ನಾಟಕ ರಾಜ್ಯ ಬೋರ್ಡ್ ಆರಿಸಿ. ಪಾಠ ನೋಡಲು ಲಾಗಿನ್ ಬೇಕಿಲ್ಲ. ಶಿಕ್ಷಕರ ತರಬೇತಿಯಂಥ ಕೋರ್ಸ್‌ಗಳಿಗೆ ಬೇಕು.

ಕನ್ನಡದ ಹುಡುಕಾಟವೇ ಒಂದು ತಲೆನೋವು. ಹುಡುಕಾಟ ನಡೆಯುವುದು ಶೀರ್ಷಿಕೆ, ವಿವರಣೆ, ಸೂಚಕ ಪದಗಳ ಮೇಲೆ. ಪಿಡಿಎಫ್‌ನ ಒಳಗಿನ ಸಾಲುಗಳ ಮೇಲಲ್ಲ. ಹಾಗಾಗಿ ಪಾಠದೊಳಗಿನ ವಾಕ್ಯ ಹಾಕಿ ಕಾಯುವುದು ವ್ಯರ್ಥ. ಏರಿಸಿದವರು ‘ಭಿನ್ನರಾಶಿಗಳು’ ಎಂದು ಬರೆದರೋ ಇಂಗ್ಲಿಷಿನಲ್ಲಿ ‘ಫ್ರಾಕ್ಷನ್ಸ್’ ಎಂದು ಬರೆದರೋ ಹೇಳಲಾಗದು, ಎರಡನ್ನೂ ಹಾಕಿ ನೋಡಿ. ಪ್ರತ್ಯಯ ಬಿಟ್ಟು ಮೂಲಪದ ಮಾತ್ರ ಹಾಕಿದರೆ ಸಿಗುವ ಸಾಧ್ಯತೆ ಹೆಚ್ಚು. ಪಿಡಿಎಫ್ ಇಳಿಸಿಕೊಂಡು ಅದರೊಳಗೆ ಪದ ಹುಡುಕುತ್ತೇನೆಂದರೆ ಇನ್ನೊಂದು ತೊಡಕು: ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿಗೆ ಕಾಣುವುದು ಬೇರೇನೋ ಸಂಕೇತ. ಅಲ್ಲಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ದೃಷ್ಟಿದೋಷವಿರುವ ಮಕ್ಕಳ ಓದು ತಂತ್ರಾಂಶಕ್ಕೂ ಇಂಥ ಪುಟ ಮೂಕ.

ಶಿಕ್ಷಣ ಇಲಾಖೆಯವರಲ್ಲಿ ಕೇಳುವುದು ಹೆಚ್ಚೇನಿಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಪ್ರತಿ ಕೋಡನ್ನೂ ಕರಡು ಪುಟದಿಂದಲೇ ಸ್ಕ್ಯಾನ್ ಮಾಡಿ ನೋಡಲಿ. ಪಾಠದ ಶೀರ್ಷಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಲಿ, ಜತೆಗೆ ಮುದ್ರಣದ ವರ್ಷವೂ ಇರಲಿ. ಪಿಡಿಎಫ್‌ಗಳು ಯೂನಿಕೋಡ್‌ನಲ್ಲೇ ಬರಲಿ. ಖಾಲಿ ಕೋಡ್‌ಗಳ ದೂರು ಯಾರಿಗೆ ಕೊಡಬೇಕೆಂಬ ಒಂದು ಸಾಲು ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಲಿ.

– ಕೆಲವು ಪ್ರೌಢಶಾಲಾ ಶಿಕ್ಷಕರು