ಸ್ಕೂಟಿ ಚಾವಿ ಕೊಟ್ಟವನು ನಾನು

ಪ್ರೀತಿಯ ಮಗಳೇ,

ಬಳ್ಳಾರಿಗೆ ಸ್ಕೂಟಿ ಕಳಿಸು ಅಂತ ನೀನು ಕೇಳಿದಾಗ ನಾನು ಸುಮ್ನಾದೆ. ನಿನಗೆ ಸಿಟ್ಟು ಬಂತು, ಗೊತ್ತು. ಫೋನಿನಲ್ಲಿ ಹೇಳೋಕೆ ಬಾಯಿ ಬರಲಿಲ್ಲ ನನ್ನವ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತನೇ ಕ್ಲಾಸಿನಲ್ಲೇ ನೀನು ಗಿರಣಿಗೆ, ಟ್ಯೂಷನ್‌ಗೆ ಸ್ಕೂಟಿ ಓಡಿಸುತ್ತಿದ್ದೆ. ಓಣಿಯವರು ಹೊಗಳಿದರೆ ನನಗೆ ಹೆಮ್ಮೆ. ಆ ಸುಗ್ಗಿಯ ಸಂಜೆ ನೆನಪಿದೆಯಾ? ಗಂಗಾವತಿಯಿಂದ ಸಿಂಧನೂರಿನ ಕಡೆ ಹೋಗುವ ರಸ್ತೆ. ಮುಂದೆ ಭತ್ತದ ಹುಲ್ಲು ಹೇರಿದ ಟ್ರಾಲಿ. ಹಿಂದೆ ಒಂದು ಕೆಂಪು ದೀಪವೂ ಇಲ್ಲ. ರಿಫ್ಲೆಕ್ಟರ್ ಇದ್ದರೂ ಹುಲ್ಲಿನಡಿ ಮುಚ್ಚಿಹೋಗಿತ್ತು. ತೀರಾ ಹತ್ತಿರ ಹೋದಮೇಲೆ ನಿನಗೆ ಕಂಡಿತು. ಬ್ರೇಕ್ ಒತ್ತಿದೆ, ಜಾರಿ ಬಿದ್ದೆ. ಹಿಂದೆ ಬೈಕಿನಲ್ಲಿದ್ದ ನನ್ನ ಕೈಕಾಲು ತಣ್ಣಗಾದವು. ಮೊಣಕೈ ತರಚಿದ್ದು ಬಿಟ್ಟರೆ ನಿನಗೆ ಏನೂ ಆಗಲಿಲ್ಲ. ನಾನು ಟ್ರ್ಯಾಕ್ಟರಿನವನ ಮೇಲೆ ಕೂಗಾಡಿದೆ. ಅವನ ತಪ್ಪೂ ಇತ್ತು. ರಾತ್ರಿ ನಿನ್ನವ್ವ ಗಾಯಕ್ಕೆ ಅರಿಶಿನ ಹಚ್ಚುತ್ತಾ, ‘ಚಾವಿ ಕೊಟ್ಟೋರು ಯಾರು?’ ಅಂದಳು.

2019ರ ಸೆಪ್ಟೆಂಬರ್ 1ರಂದು ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯೂ ಅದನ್ನೇ ಕೇಳುತ್ತದೆ. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರು ಅಥವಾ ಗಾಡಿ ಮಾಲೀಕರೇ ಹೊಣೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹಾಗೆ ತಪ್ಪು ಮಾಡಿದ ಮಕ್ಕಳಿಗೆ 25 ತುಂಬುವವರೆಗೆ ಎಲ್‌ಎಲ್, ಅಂದರೆ ಕಲಿಕಾ ಲೈಸೆನ್ಸ್, ಸಿಗುವುದಿಲ್ಲ. 16ಕ್ಕೇ ಲೈಸೆನ್ಸ್ ಕೊಡುತ್ತಾರೆ ಅಂತೀಯಲ್ಲ, ಅದು 50 ಸಿಸಿ ಒಳಗಿನ ಗಾಡಿಗೆ. ನಮ್ಮದು 110.

ಆಗ ಇದ್ಯಾವುದೂ ನಾನು ಓದಿರಲಿಲ್ಲ. ಹೆಲ್ಮೆಟ್ ದಂಡ 1,000 ಇದ್ದದ್ದನ್ನು ನಮ್ಮ ರಾಜ್ಯದಲ್ಲಿ 500ಕ್ಕೆ ಇಳಿಸಿದ್ದು ಮಾತ್ರ ಗೊತ್ತಿತ್ತು, ಖುಷಿಯೂ ಪಟ್ಟಿದ್ದೆ. ಈಗ ಅದನ್ನು ನೆನೆದರೆ ಬೇಜಾರಾಗುತ್ತದೆ. ಅಪ್ಪನಿಗೆ ಜೈಲು ಅನ್ನೋದು ಜಾಸ್ತಿ ಆಯ್ತು ಅಂತ ಊರಲ್ಲಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಸರ್ಕಲ್‌ನಲ್ಲಿ ಹೆಲ್ಮೆಟ್ ನೋಡುವಷ್ಟೇ ಬಿಗಿಯಾಗಿ, ಸುಗ್ಗಿ ದಿನಗಳಲ್ಲಿ ಕತ್ತಲಾದಮೇಲೆ ದೀಪವಿಲ್ಲದ ಟ್ರಾಲಿಗಳನ್ನೂ ತಡೆಯಬೇಕು. ನಮ್ಮ ಟ್ರಾಲಿಗೆ ಹೋದ ವಾರ ಹಿಂದೆ ಉದ್ದ ಕೋಲು ಕಟ್ಟಿ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆ. ಎಷ್ಟು ಹುಲ್ಲು ಹೇರಿದರೂ ಕಾಣುತ್ತದೆ.

ಜೂನ್‌ನಲ್ಲಿ ನಿನಗೆ 18. ಎಲ್‌ಎಲ್ ಮಾಡಿಸೋಣ, ತಿಂಗಳು ಕಳೆದಮೇಲೆ ಡಿಎಲ್ ಟೆಸ್ಟ್. ಕೊಪ್ಪಳಕ್ಕೆ ನಾನೇ ಜೊತೆಗೆ ಬರುತ್ತೇನೆ. ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಎರಡು ತಂದಿಟ್ಟಿದ್ದೇನೆ. ಒಂದು ನಿನಗೆ. ಇನ್ನೊಂದು, ಹಿಂದೆ ಕೂರುವ ನಿನ್ನವ್ವನಿಗೆ.

ನಿನ್ನ ಅಪ್ಪ