ಮರಗೆಲಸ ಶುರು ಮಾಡಲು 15 ಸಾವಿರ ರೂಪಾಯಿ ಸಾಕು

ಮಾನ್ಯ ಸಂಪಾದಕರೇ,

ಸರ್ಕಾರಿ ಐಟಿಐನಲ್ಲಿ ಕಾರ್ಪೆಂಟರ್ ಟ್ರೇಡ್ ಕಲಿಸುತ್ತಿದ್ದೆ. ಈಗ ನಿವೃತ್ತನಾಗಿ ಸಾಗರದಲ್ಲಿದ್ದೇನೆ. ಈಚೆಗೆ ನನ್ನನ್ನು ಹುಡುಕಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಇವರು ಬಡಗಿಗಳ ಮಕ್ಕಳಲ್ಲ. ಬ್ಯಾಂಕ್ ನೌಕರರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗರು, ಅಡಿಕೆ ತೋಟ ನೋಡಿಕೊಳ್ಳುವ ಹೆಣ್ಣುಮಕ್ಕಳು. “ಮೇಷ್ಟ್ರೇ, ಮನೇಲಿ ಒಂದು ಚಿಕ್ಕ ವರ್ಕ್‌ಶಾಪ್ ಮಾಡ್ಕೋಬೇಕು, ಏನೇನು ತಗೊಳ್ಳಲಿ?” ಅಂತ ಕೇಳುತ್ತಾರೆ. ನನಗೆ ತುಂಬಾ ಖುಷಿಯಾಗುತ್ತದೆ. ಆದರೆ ಅವರ ಮೊಬೈಲಿನಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಮಷಿನ್), ರೂಟರ್ (ಮರದಲ್ಲಿ ಗಾಡಿ ಕೊರೆಯುವ ಮಷಿನ್), ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡುವ ಮಷಿನ್), ಇನ್ನೂ ಏನೇನೋ. ಒಟ್ಟು ಮಾಡಿದರೆ ಐವತ್ತು ಸಾವಿರ ದಾಟುತ್ತದೆ. ಅಷ್ಟು ದುಡ್ಡಿಲ್ಲ ಅಂತ ಅರ್ಧ ಜನ ಅಲ್ಲಿಗೇ ಆಸೆ ಬಿಡುತ್ತಾರೆ. ಉಳಿದವರಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಆ ಅಡ್ಡದಾರಿಯ ಭಯದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಅದೇನೆಂದರೆ, ಕಬ್ಬಿಣ ಕೊಯ್ಯುವ ನಾಲ್ಕು ಇಂಚಿನ ಆಂಗಲ್ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು. ಇಲ್ಲವೇ ಮಾರ್ಬಲ್ ಕಟರ್ ಅನ್ನು ತಲೆಕೆಳಗು ಮಾಡಿ ಹಲಗೆಗೆ ಬಿಗಿದು, ಅದನ್ನೇ ಟೇಬಲ್ ಸಾ ಅನ್ನುವುದು. ಎರಡು ಸಾವಿರದಲ್ಲಿ ಕೆಲಸ ಆಗುತ್ತದಲ್ವಾ ಅಂತ ಲೆಕ್ಕ. ಮರ ಕೊಯ್ಯಲೆಂದೇ ಮಾಡಿದ ಏಳು ಇಂಚಿನ ಮಷಿನ್ ನಿಮಿಷಕ್ಕೆ ಸುಮಾರು 5 ಸಾವಿರ ಸುತ್ತು ತಿರುಗುತ್ತದೆ. ಗ್ರೈಂಡರ್ ತಿರುಗುವುದು 11 ಸಾವಿರದ ಆಸುಪಾಸು. ಅದರ ಗಾರ್ಡ್, ಅಂದರೆ ರಕ್ಷಣೆಯ ಹೊದಿಕೆ, ಇರುವುದು ಕಿಡಿ ಮತ್ತು ಒಡೆದ ಚಕ್ರದ ಚೂರು ತಡೆಯಲಿಕ್ಕೆ, ಹಲ್ಲಿನ ಬ್ಲೇಡಿಗೆ ಅಲ್ಲ. ಮರದ ಗಂಟಿಗೆ ಒಂದು ಹಲ್ಲು ಸಿಕ್ಕಿಕೊಂಡರೆ ಮಷಿನ್ ಕೈಯಿಂದ ಜಿಗಿಯುತ್ತದೆ. ಎಷ್ಟು ಗಟ್ಟಿ ಹಿಡಿದರೂ ನಿಲ್ಲುವುದಿಲ್ಲ. ನನ್ನ ಹತ್ತಿರ ಚೆನ್ನಾಗಿ ಕಲಿತು ಹೋದ ಒಬ್ಬ ಹುಡುಗ ಹೀಗೆ ಎಡಗೈಯ ಎರಡು ಬೆರಳು ಕಳೆದುಕೊಂಡ. ಅವನು ಹೊಸಬನೂ ಅಲ್ಲ, ಅಜಾಗರೂಕನೂ ಅಲ್ಲ. ಹೊಸದಾಗಿ ಕಲಿಯುವವರು ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ.

ನಾನು ಹೇಳುವುದು ಇಷ್ಟೇ. ಮೊದಲ ಒಂದು ವರ್ಷ ಕೈ ಸಾಮಾನಿನಲ್ಲೇ ಕೆಲಸ ಮಾಡಿ. ಬಜೆಟ್ ಕಮ್ಮಿ ಇರುವವರಿಗೆ ಇದು ಬರೀ ಸಮಾಧಾನದ ಮಾತಲ್ಲ, ಕಲಿಯಲು ಒಳ್ಳೆಯ ದಾರಿಯೇ ಇದು. ಐಟಿಐನಲ್ಲೂ ಮೊದಲು ಕೈಗೆ ಕೊಡುವುದು ಗರಗಸ, ಉಜ್ಜುಗೊರಡು (ಮರ ಹೆರೆದು ಸಮ ಮಾಡುವ ಸಾಮಾನು), ಉಳಿ. ಮಷಿನ್ ಸರದಿ ಆಮೇಲೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಲಾಭವಿದೆ. ಉಜ್ಜುಗೊರಡಿನಿಂದ ಸಿಪ್ಪೆ ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಆಯಿತು. ಸ್ಯಾಂಡರ್‌ನಿಂದ ಏಳುವ ಸಣ್ಣ ಹುಡಿ ಗಂಟೆಗಟ್ಟಲೆ ಗಾಳಿಯಲ್ಲಿರುತ್ತದೆ. ಮರದ ಹುಡಿ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲಿ ಅಂಥ ಹುಡಿ ಎಬ್ಬಿಸಬಾರದು.

ಏನು ಕೊಳ್ಳಬೇಕು? ಹದಿನೆಂಟು ಇಂಚಿನ ಕೈಗರಗಸ ಒಂದು. ಕಾಲು, ಅರ್ಧ ಮತ್ತು ಒಂದು ಇಂಚಿನ ಉಳಿ ಮೂರು. ಆರು ಉಳಿಯ ಸೆಟ್ ಚೀಪಾಗಿ ಸಿಗುತ್ತದೆ, ಬೇಡ. ಅದೇ ದುಡ್ಡಿಗೆ ಒಳ್ಳೆಯ ಮೂರು ಉಳಿ ತಗೊಳ್ಳಿ. ಕಬ್ಬಿಣದ ಉಜ್ಜುಗೊರಡು ಒಂದು. ಇದು ಹೊಸದು ಒಂದೂವರೆ ಸಾವಿರದ ಮೇಲಾಗುತ್ತದೆ. ಕೆಲಸ ಬಿಟ್ಟ ಆಚಾರಿಗಳ ಮನೆಯಲ್ಲಿ, ಗುಜರಿಯಲ್ಲಿ ಹಳೆಯದು ಅರ್ಧ ಬೆಲೆಗೆ ಸಿಗುತ್ತದೆ. ಮೇಲಿನ ತುಕ್ಕು ನೋಡಿ ಹೆದರಬೇಡಿ. ತಳ ಬಿರುಕು ಬಿಟ್ಟಿಲ್ಲವಾ, ಬ್ಲೇಡಿನಲ್ಲಿ ಇನ್ನೂ ಒಂದು ಇಂಚಾದರೂ ಉಳಿದಿದೆಯಾ ನೋಡಿ ಸಾಕು. ಮೂಲೆ ನೇರ ಇದೆಯಾ ನೋಡುವ ಮೂಲೆಮಟ್ಟ ಒಂದು, ಉಕ್ಕಿನ ಸ್ಕೇಲ್ ಒಂದು, ಸುತ್ತಿಗೆ ಒಂದು. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನೇರ ಅಂಚಿನ ಹಲಗೆಗೆ ಇಟ್ಟು ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ತಗೊಳ್ಳಿ, ಕವಲೊಡೆದರೆ ವಾಪಸ್ ಕೊಡಿ. ಕೊಡತಿ, ಅಂದರೆ ಮರದ ಸುತ್ತಿಗೆ, ಕೊಳ್ಳಬೇಡಿ, ಅದನ್ನು ನೀವೇ ಮಾಡಿಕೊಳ್ಳಿ. ಕ್ಲ್ಯಾಂಪ್ ನಾಲ್ಕಿದ್ದರೆ ಚೆನ್ನ. ಸಾಲದಿದ್ದರೆ ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದರೂ ಫೆವಿಕಾಲ್ ಹಾಕಿದ ಜಾಯಿಂಟ್ ಕೂರುತ್ತದೆ. ಮಷಿನ್ ಅಂತ ಬೇಕಾದರೆ ಡ್ರಿಲ್ ಒಂದು ಇರಲಿ. ಕನ್ನಡಕ, ಮಾಸ್ಕ್ ಮರೆಯಬೇಡಿ.

ಇನ್ನು ಕೆಲಸದ ಬೆಂಚು. ನಮ್ಮ ಕಡೆಯ ಹಿರಿಯ ಆಚಾರಿಗಳು ನೆಲದ ಮೇಲೆ ಕೂತು, ಮರವನ್ನು ಕಾಲಲ್ಲಿ ಒತ್ತಿ ಹಿಡಿದು, ಇಡೀ ಮನೆಯ ಬಾಗಿಲು ಕಿಟಕಿ ಮಾಡಿದ್ದನ್ನು ನೋಡಿದ್ದೇನೆ. ಆದರೆ ಕುರ್ಚಿಯಲ್ಲಿ ಕೂತು ಬೆಳೆದ ಇವತ್ತಿನವರಿಗೆ ಅದು ಕಷ್ಟ, ಬೆಂಚು ಬೇಕು. ಹಳೆ ಬಾಗಿಲ ಚೌಕಟ್ಟಿನ ಮರ ಕಾಲಿಗೆ, ಎರಡು ಇಂಚು ದಪ್ಪದ ಹಲಗೆ ಮೇಲಕ್ಕೆ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿಗೆ ಬೆಂಚಿನ ಎತ್ತರ ಇರಲಿ. ಉಜ್ಜುವಾಗ ಬೆಂಚು ಅಲ್ಲಾಡಿದರೆ ನಿಮ್ಮ ಶಕ್ತಿಯೆಲ್ಲ ಅಲ್ಲೇ ಹೋಗುತ್ತದೆ. ನಮ್ಮೂರಲ್ಲಿ ಇದಕ್ಕೆ ಸುಲಭ ಉಪಾಯವಿದೆ. ಕಾಲುಗಳ ನಡುವೆ ಕೆಳಗೊಂದು ಅಡ್ಡ ಹಲಗೆ ಹಾಕಿ, ಅದರ ಮೇಲೆ ನಾಲ್ಕೈದು ಜಂಬಿಟ್ಟಿಗೆ (ಕೆಂಪು ಕಲ್ಲಿನ ಇಟ್ಟಿಗೆ) ಜೋಡಿಸಿಟ್ಟರೆ ಬೆಂಚು ಕದಲುವುದಿಲ್ಲ.

ಇಷ್ಟಕ್ಕೆಲ್ಲ ನಮ್ಮ ಕಡೆಯ ಬೆಲೆಯಲ್ಲಿ ಹನ್ನೆರಡು ಸಾವಿರದೊಳಗೆ ಆಗುತ್ತದೆ. ಹಳೆ ಸಾಮಾನು ಹುಡುಕಿದರೆ ಇನ್ನೂ ಕಮ್ಮಿ. 15 ಸಾವಿರದಲ್ಲಿ ಉಳಿದದ್ದು ಮರಕ್ಕೆ ಮತ್ತು ಸಾಣೆಗೆ.

ಸಾಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸಬರು ಸೋತು ಕೈಬಿಡುವುದು ಇಲ್ಲೇ. ಅಂಗಡಿಯಿಂದ ತಂದ ಹೊಸ ಉಳಿ ಹರಿತವಾಗಿರುವುದಿಲ್ಲ. ಅದರಲ್ಲೇ ಗುದ್ದಾಡಿ, ಮರ ಸೀಳಿಹೋಗಿ, “ನನ್ನ ಕೈಲಿ ಆಗಲ್ಲ ಬಿಡಿ” ಅನ್ನುತ್ತಾರೆ. ದುಬಾರಿ ಕಲ್ಲು ಬೇಡ. ಗಾಜಿನಂಗಡಿಗೆ ಹೋಗಿ ಎಂಟು ಎಂ.ಎಂ. ದಪ್ಪದ ತುಂಡು ಗಾಜು ಕೇಳಿ, ಅಂಚು ಉಜ್ಜಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ 220, 400, 1000, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ತಗೊಳ್ಳಿ. ಗಾಜಿನ ಮೇಲೆ ನೀರು ಚಿಮುಕಿಸಿದರೆ ಪೇಪರ್ ಅಂಟಿ ನಿಲ್ಲುತ್ತದೆ. ಮೊದಲು ಉಳಿಯ ಬೆನ್ನು, ಅಂದರೆ ಚಪ್ಪಟೆ ಮುಖ, ಉಜ್ಜಿ. ಅಂಚಿನ ಹತ್ತಿರದ ಒಂದು ಇಂಚು ಪೂರ್ತಿ ಒಂದೇ ಸಮ ಮಿಂಚುವವರೆಗೆ ಬಿಡಬೇಡಿ. ನಡುವೆ ಮಂಕಾದ ಮಚ್ಚೆ ಕಂಡರೆ ಅಲ್ಲಿ ಇನ್ನೂ ತಗ್ಗಿದೆ ಅಂತ ಅರ್ಥ. ಈ ಕೆಲಸ ಒಂದು ಉಳಿಗೆ ಒಂದೇ ಸಲ. ಆಮೇಲೆ ಮುಂದಿನ ಇಳಿಜಾರನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು ಉಜ್ಜಿ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಮೆಲ್ಲಗೆ ಜಾರಿಸಿ ನೋಡಿ. ಕೂದಲೆಳೆಯಷ್ಟು ಏನೋ ತಡೆಯುತ್ತದೆ. ಅಂಚು ತುದಿಯವರೆಗೆ ಬಂತು ಅನ್ನುವುದಕ್ಕೆ ಅದೇ ಗುರುತು. ಆಗ ದೊಡ್ಡ ನಂಬರಿನ ನುಣ್ಣನೆಯ ಪೇಪರಿಗೆ ಹೋಗಿ, ಕೊನೆಗೆ ಬೆನ್ನನ್ನು ಒಂದೆರಡು ಸಲ ಎಳೆದು ಆ ತಡೆಯನ್ನು ತೆಗೆಯಿರಿ. ಪರೀಕ್ಷೆಗೆ ಸಿಲ್ವರ್ ಓಕ್‌ನ ಅಡ್ಡ ಕೊಯ್ದ ತುದಿ ಸಾಕು. ಉಳಿಯನ್ನು ಬರೀ ಕೈಯಲ್ಲಿ ಒತ್ತಿದಾಗ ಪುಡಿ ಉದುರದೆ ಸಿಪ್ಪೆ ಏಳಬೇಕು, ಕೊಯ್ದ ಜಾಗ ಹೊಳೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಗೆ ಎಲ್ಲವೂ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ಒರೆಸಿ ಇಡಿ.

ಮರಕ್ಕೆ ಪ್ಲೈವುಡ್ ಅಂಗಡಿಗೆ ಓಡಬೇಕಾಗಿಲ್ಲ. ಹಳೆ ಮನೆ ಕೆಡವಿದ ಕಡೆ ಸಾಗುವಾನಿ, ಹೊನ್ನೆ, ಮತ್ತಿಯ ತುಂಡುಗಳು ಸಿಗುತ್ತವೆ. ಐವತ್ತು ಅರವತ್ತು ವರ್ಷ ಒಣಗಿದ ಮರ, ಇನ್ನು ಬಾಗುವ ಭಯ ಕಮ್ಮಿ. ಕೊಯ್ಯುವ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಕಲಿಯಲು ಚೆನ್ನಾಗಿರುತ್ತದೆ. ಅದರ ಮೇಲೆ ಸೀಲ್ ಇದ್ದರೆ ಓದಿ. ಎಚ್‌ಟಿ ಅಂತಿದ್ದರೆ ಬಿಸಿಯಲ್ಲಿ ಹುಳ ಸಾಯಿಸಿದ್ದು, ಬಳಸಬಹುದು. ಎಂಬಿ ಅಂತಿದ್ದರೆ ವಿಷದ ಗ್ಯಾಸ್ ಹಾಯಿಸಿದ್ದು, ಬಿಟ್ಟುಬಿಡಿ. ಸಾ ಮಿಲ್ಲಿನಲ್ಲಿ ಕೊಳ್ಳುವುದಾದರೆ ಬಿಲ್ ಕೇಳಿ ಪಡೆಯಿರಿ. ಲೆಕ್ಕವೂ ನಿಮಗೆ ಗೊತ್ತಿರಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 6 ಅಡಿ ಉದ್ದ, 12 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಸರಿಯಾಗಿ ಒಂದು ಘನ ಅಡಿ. ಇದನ್ನು ಬಾಯಿಲೆಕ್ಕದಲ್ಲಿ ಹೇಳುವ ಗಿರಾಕಿಗೆ ಯಾರೂ ಸುಮ್ನೆ ಒಂದು ರೇಟು ಹೇಳುವುದಿಲ್ಲ.

ಮೊದಲ ಕೆಲಸ ಯಾವುದು ಅಂತ ಕೇಳಿದರೆ, ಹಲಸಿನ ಮಣೆ ಅನ್ನುತ್ತೇನೆ. ನಮ್ಮ ಬೀದಿಯ ಒಬ್ಬಳು ಹುಡುಗಿ ಅವರ ತೋಟದಲ್ಲೇ ಬಿದ್ದ ಹಲಸಿನ ಮರದ ಹಲಗೆಯಿಂದ ಮಾಡಿದಳು. ನಾಲ್ಕು ಅಂಚು ನೇರ ಮಾಡುವುದು, ಮೇಲ್ಮೈ ಸಮ ಮಾಡುವುದು, ಅಡಿಗೆ ಎರಡು ಪಟ್ಟಿ ಕೂರಿಸುವುದು. ಸುಲಭ ಅಂತ ಕಾಣುತ್ತದೆ, ಆದರೆ ಮರಗೆಲಸದ ಅರ್ಧ ಪಾಠ ಅದರಲ್ಲೇ ಇದೆ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಅಡಿಯ ಪಟ್ಟಿಯನ್ನು ಪೂರ್ತಿ ಫೆವಿಕಾಲ್ ಹಾಕಿ ಅಂಟಿಸಿದರೆ ಮಣೆ ಒಂದು ದಿನ ಸೀಳುತ್ತದೆ. ನಡುವಿನ ಸ್ಕ್ರೂ ಬಿಗಿ ಇರಲಿ. ತುದಿಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ಉದ್ದನೆಯ ತೂತು ಮಾಡಿದರೆ ಮರ ಬೇಕಾದ ಹಾಗೆ ಸರಿದಾಡುತ್ತದೆ. ಅವಳು ಹಾಗೇ ಮಾಡಿದಳು. ಈಗ ಹಳದಿ ಇರುವ ಆ ಮಣೆ ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಈ 15 ಸಾವಿರ ಅನ್ನುವ ಲೆಕ್ಕ ನನ್ನ ಮನಸ್ಸಿನಿಂದ ಹುಟ್ಟಿದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಕುಶಲಕರ್ಮಿಗೆ ಸಾಮಾನು ಕೊಳ್ಳಲು 15 ಸಾವಿರ ರೂಪಾಯಿವರೆಗೆ ಕೊಡುತ್ತಾರೆ. ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಆದರೆ ಆಗಲೇ ಆ ಕಸುಬಿನಲ್ಲಿರುವವರಿಗೆ ಅದು, ಕುಟುಂಬಕ್ಕೆ ಒಬ್ಬರಿಗೆ. ಹೊಸದಾಗಿ ಕಲಿಯುವವರಿಗೆ ಸಿಗುವುದಿಲ್ಲ. ಐಟಿಐ ಕೋರ್ಸ್ ಒಂದು ವರ್ಷದ್ದು, ಉದ್ಯೋಗದಲ್ಲಿರುವವರು ಸೇರಲಾರರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತರಬೇತಿ ಕೇಂದ್ರವಿದೆ. ಸಾಗರದಿಂದ ಅದು ಮುನ್ನೂರು ಕಿಲೋಮೀಟರಿಗಿಂತ ದೂರ.

ಹಾಗಾದರೆ ಇವರು ಕಲಿಯುವುದು ಎಲ್ಲಿ? ನಾನಿದ್ದ ಕಡೆ ಕಾರ್ಪೆಂಟರ್ ಟ್ರೇಡಿಗೆ ಬರುವವರು ವರ್ಷ ವರ್ಷ ಕಮ್ಮಿಯಾದರು. ಒಳ್ಳೆಯ ಬೆಂಚು, ಮರ ಬಿಗಿದು ಹಿಡಿಯುವ ವೈಸ್, ಗಾರ್ಡ್ ಇರುವ ಮಷಿನ್‌ಗಳು ಭಾನುವಾರ ಬೀಗದೊಳಗೆ ಇರುತ್ತವೆ. ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ ನನ್ನ ಕೋರಿಕೆ ಇದು. ಕಾರ್ಪೆಂಟರ್ ಟ್ರೇಡ್ ಇರುವ ಐಟಿಐಗಳ ವರ್ಕ್‌ಶಾಪನ್ನು ಭಾನುವಾರ ಸಾರ್ವಜನಿಕರಿಗೆ ತೆರೆಯಿರಿ. ಶುಲ್ಕ ಇಡಿ, ಬೋಧಕರೊಬ್ಬರು ಎದುರಿಗಿರಲಿ. ದಪ್ಪ ಹಲಗೆ ಸೀಳುವಂಥ ಕೆಲಸವನ್ನು ಜನ ಅಲ್ಲಿ ಬಂದು ಮಾಡಿಕೊಂಡು ಹೋಗಲಿ. ಹಾಗಾದರೆ ಯಾರೂ ಮನೆಯಲ್ಲಿ ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಕಟ್ಟಬೇಕಾಗಿಲ್ಲ, ಐವತ್ತು ಸಾವಿರ ಸುರಿಯಬೇಕಾಗಿಯೂ ಇಲ್ಲ.

ಶಿವಮೊಗ್ಗ ಜಿಲ್ಲೆಯ ಯಾವ ಐಟಿಐನಲ್ಲಿ ಇದು ಶುರುವಾದರೂ ಸಾಣೆ ಹಿಡಿಯುವುದು, ಉಜ್ಜುಗೊರಡು ಹಿಡಿಯುವುದು ಕಲಿಸಲು ನಾನು ಬರುತ್ತೇನೆ. ಸಂಬಳ ಬೇಡ. ನನ್ನ ಜೊತೆ ಕೆಲಸ ಮಾಡಿದ ಇನ್ನಿಬ್ಬರು ನಿವೃತ್ತ ಬೋಧಕರೂ ಒಪ್ಪಿದ್ದಾರೆ. ಗಾಜು ಮತ್ತು ವಾಟರ್ ಪೇಪರ್ ನಾವೇ ತರುತ್ತೇವೆ.

– ನಿವೃತ್ತ ಐಟಿಐ ಬೋಧಕ, ಸಾಗರ